ದಾಂಡೇಲಿಯಿಂದ ಬಂದ್ ಆದ ಮೈಕು

ಜನವರಿ 19, ರವಿವಾರ

ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗೆ ವಾಯರು ಇಳಿಸಿ ನೋಡಿದರು. ದನಿ ಹೊರಡುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಗಂಟು ಬಂದಿದೆಯಂತೆ.

"ಏನ್ ಉದ್ಯೋಗ ಮಾಡ್ತೀರಿ ಯಜಮಾನ್ರ?"

ಕುಸ್ತಿ ಮೈದಾನದಲ್ಲಿ ಮೈಕು ಹಿಡಿದು ಒದರುವವನು ಎಂದೆ. ಅವರು ಈರೇಶನ ಮುಖ ನೋಡಿದರು. ನನ್ನ ಗಂಟಲು, ನನ್ನ ಮಗನ ಮುಖ ಯಾಕೆ ನೋಡಬೇಕು?

"ಮೈದಾನದಾಗ ಎಷ್ಟ ಜರೂರೋ ಅಷ್ಟ ಮಾತಾಡ್ರಿ. ಮನ್ಯಾಗ ಬಾಯಿ ಪೂರಾ ಬಂದ್. ಸೀಸನ್ ಮುಗದ ಮ್ಯಾಲೆ ಆಪರೇಷನ್ ಮಾಡೂಣು. ಕೇಳಲಿಲ್ಲಾಂದ್ರ ದನಿ ಖಾಯಂ ಹೋಗತೈತಿ."

ಮನೆಯಲ್ಲಿ ಬಾಯಿ ಮುಚ್ಚಿದರೆ ಬೈಯುವುದು ಹೇಗೆ? ಅದಕ್ಕೇ ಬರೆಯಲು ಕುಳಿತೆ. ಬೈಗುಳ ಹೊಟ್ಟೆಯಲ್ಲಿ ಉಳಿದರೆ ಅದೂ ಗಂಟಾದೀತು. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಮಾಸ್ತರು ಹೊಡೆದರು, ನಾನು ತಿರುಗಿ ಹೊಡೆದೆ, ವಿದ್ಯೆ ಅಲ್ಲಿಗೆ ಮುಗಿಯಿತು. ಅಕ್ಷರ ಸೊಟ್ಟಗಿದ್ದರೆ ಇರಲಿ, ಓದುವವನು ನಾನೊಬ್ಬನೇ.

ಮೊದಲ ಬೈಗುಳ ತಾಯವ್ವನಿಗೆ. ಸುದ್ದಿ ಕೇಳಿ ನನ್ನ ಹೆಂಡತಿ ಏನಂದಳು? "ಇವರ ಬಾಯಿ ಒಂದಿನಾರ ಬಂದ್ ಆಗ್ಲಿ ಅಂತ ಉಳವಿ ಚನಬಸವಣ್ಣಗ ಹರಕಿ ಹೊತ್ತಿದ್ನಿ. ತೀರಸಾಕ ಹೋಗಬೇಕೀಗ." ಓಣಿಯ ಹೆಂಗಸರೆಲ್ಲ ನಕ್ಕರು.

ಜನವರಿ 26, ರವಿವಾರ

ಹಳಿಯಾಳದಲ್ಲಿ ಈ ವರ್ಷದ ಮೊದಲ ಮೈದಾನ ಮುಗಿಸಿ ಬಂದೆ. ಗಂಟಲು ಉರಿಯುತ್ತಿದೆ. ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿದೆ.

ಈ ಭಾಗದ ಮೈದಾನಗಳನ್ನೆಲ್ಲ ನಡೆಸುವ ಕುಸ್ತಿ ಕಮಿಟಿಯ ಅಧ್ಯಕ್ಷ ಕಿರಣಕುಮಾರ ಈ ಸಲ ಎಲ್ಲ ಕುಸ್ತಿಗಳನ್ನೂ ಮೊಬೈಲಿನಲ್ಲಿ ಲೈವ್ ತೋರಿಸಬೇಕೆಂದು ಹಟ ಹಿಡಿದಿದ್ದಾನೆ. ಆ ಕೆಲಸ ಒಪ್ಪಿಸಿದ್ದು ಯಾರಿಗೆ? ನನ್ನ ಸೊಸೆಗೆ. ಅನ್ನಪೂರ್ಣಾ ದಾಂಡೇಲಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ರವಿವಾರವೇ ಅಲ್ಲಿ ಹುಡುಗರು ಹೆಚ್ಚು, ರಜೆ ಸಿಗುವುದಿಲ್ಲ. ಕುಸ್ತಿಯೂ ರವಿವಾರವೇ. ಆದ್ದರಿಂದ ಹಿಂದಿನ ದಿನ ಮೈದಾನಕ್ಕೆ ಬಂದು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೂರು ಕ್ಯಾಮೆರಾ ನಿಲ್ಲಿಸಿ ಹೋಗುತ್ತಾಳೆ. ಚಿತ್ರ ಕಳಿಸುವ ಸಾಫ್ಟ್‌ವೇರು ಇಲ್ಲಿ, ಅದಕ್ಕೆ ಹುಕುಂ ಕೊಡುವವಳು ದಾಂಡೇಲಿಯಲ್ಲಿ. ಈ ಕ್ಯಾಮೆರಾ ತೋರಿಸು, ಅದನ್ನು ಬಿಡು, ರೆಕಾರ್ಡ್ ಶುರು ಮಾಡು, ನಿಲ್ಲಿಸು. ಇಂಥ ಹುಕುಮುಗಳನ್ನೆಲ್ಲ ಯಾರೋ ಮೊದಲೇ ಬರೆದಿಟ್ಟ ಲೈಬ್ರರಿ ಎಂಬುದೊಂದು ಇದೆಯಂತೆ. ಅದನ್ನು ತನ್ನ ಪ್ರೋಗ್ರಾಮಿಗೆ ಸೇರಿಸಿಕೊಂಡಿದ್ದಾಳೆ. ಅವಳು ಅಲ್ಲಿ ಒಂದು ಸಾಲು ಬರೆದರೆ ಇಲ್ಲಿ ಲ್ಯಾಪ್‌ಟಾಪ್ ಕೈಕಟ್ಟಿ ಕೇಳುತ್ತದೆ.

ಇದನ್ನೆಲ್ಲ ನನಗೆ ಹೇಳಿದವನು ಈರೇಶ. ಸೊಸೆ ನನ್ನೆದುರು ನಿಂತು ಮಾತಾಡುವುದಿಲ್ಲ. ನಮ್ಮ ಮನೆಯ ರಿವಾಜು. ಏನಿದ್ದರೂ ಅಡುಗೆಮನೆ ಬಾಗಿಲ ಹಿಂದೆ ನಿಂತು, "ಅತ್ತೀ, ಮಾವಾರಿಗೆ ಹೇಳ್ರಿ" ಎನ್ನುತ್ತಾಳೆ. ನಾನು ಅಲ್ಲೇ ಕುಳಿತಿರುತ್ತೇನೆ, ಎಲ್ಲ ಕೇಳಿಸುತ್ತದೆ. ಆದರೂ ತಾಯವ್ವ ಇನ್ನೊಮ್ಮೆ ಹೇಳಿದ ಮೇಲೆಯೇ ಅದು ನನಗೆ ತಲುಪಿದ ಲೆಕ್ಕ.

ಇಂದಿನ ಸಿಟ್ಟು ಏನೆಂದರೆ, ಅಖಾಡದ ಪಕ್ಕ ಸುಣ್ಣದ ಗೆರೆ ಎಳೆದಿದ್ದರು. ಅದನ್ನು ದಾಟಿದರೆ ನಾನು ಕ್ಯಾಮೆರಾಕ್ಕೆ ಅಡ್ಡವಂತೆ. ಇಷ್ಟು ವರ್ಷ ಅಖಾಡ ಸುತ್ತಿ ಸುತ್ತಿ ಒದರಿದವನನ್ನು ಎತ್ತಿನ ಹಾಗೆ ಗೂಟಕ್ಕೆ ಕಟ್ಟಿದರು. ಆದರೂ ಪದ್ಧತಿ ಬಿಡಲಿಲ್ಲ. ಊರು ಮೊದಲು, ಆಮೇಲೆ ಕುಸ್ತಿ ಕಲಿಸಿದ ವಸ್ತಾದ, ಆಮೇಲೆ ತಂದೆ, ಕಡೆಗೆ ಪೈಲವಾನನ ಹೆಸರು. ಈ ನಾಲ್ಕೂ ಮೈಕಿನಲ್ಲಿ ಬರದೆ ನಮ್ಮ ಕಡೆ ಯಾರೂ ಮಣ್ಣಿಗೆ ಕಾಲಿಡುವುದಿಲ್ಲ. ಪೈಲವಾನ ಬಿದ್ದರೆ ಒಬ್ಬನೇ ಬೀಳುವುದಿಲ್ಲ.

ಫೆಬ್ರುವರಿ 3, ಸೋಮವಾರ

ನನ್ನ ತಂಗಿಯ ಮಗ ವಾಸ್ಕೋದಿಂದ ಫೋನು ಮಾಡಿದ. ನಿನ್ನೆಯ ಕುಸ್ತಿ ಅಲ್ಲಿ ಕುಳಿತು ನೋಡಿದನಂತೆ.

"ಮಾವಾ, ಕುಸ್ತಿ ಭಾರಿ ಆತು. ಆದ್ರ ನಡುನಡುವ ನಿಮ್ಮ ದನೀನ ಬರವಲ್ದು. ಬಾಯಿ ತಗೀತೀರಿ, ಮುಚ್ಚತೀರಿ. ನೀರಾಗಿನ ಮೀನ ನೋಡಿದಂಗ ಆಗತಿತ್ತು."

ಮೈದಾನದ ಲೌಡ್‌ಸ್ಪೀಕರಿನ ಕರ್ಣೆಯಲ್ಲಿ ನನ್ನ ದನಿ ಸರಿಯಾಗೇ ಬಂದಿತ್ತು. ಹಾಗಾದರೆ ಲೈವ್‌ನಲ್ಲಿ ಮಾತ್ರ ನುಂಗಿದವರು ಯಾರು? ಊಟಕ್ಕೆ ಕುಳಿತಾಗ ಚಮಚದಿಂದ ತಾಟು ಬಡಿದೆ. ಬಾಯಿ ಬಂದ್ ಇದ್ದವನಿಗೆ ಉಳಿದದ್ದು ಅದೊಂದೇ. ತಾಯವ್ವ ಬಂದಳು. ಬಾಯಿ ತೋರಿಸಿದೆ, ಮೊಬೈಲು ತೋರಿಸಿದೆ, ಬಾಗಿಲ ಕಡೆ ಕೈ ಮಾಡಿದೆ.

"ಅನ್ನಪೂರ್ಣಾ, ಇವರ ದನಿ ಮೊಬೈಲಿನ್ಯಾಗ ಯಾಕ ಬರಲಿಲ್ಲಂತ?"

ಬಾಗಿಲ ಹಿಂದಿನಿಂದ ಉತ್ತರ ಬಂತು.

"ಅತ್ತೀ, ಮಾವಾರಿಗೆ ಹೇಳ್ರಿ. ಮಾವಾರು ತೀರ್ಪು ಕೊಡೂ ಪಂಚರಿಗೆ ಬೈಯೂ ಮುಂದ ನಾನ ಮೈಕು ಬಂದ್ ಮಾಡತೇನಿ. ಅಧ್ಯಕ್ಷರು ಹೇಳ್ಯಾರ. ಹೆಣ್ಮಕ್ಕಳು, ಸಣ್ಣವರು ನೋಡತಾರ."

"ಬೈಯೂದು ಅಕಿಗೆ ಮೊದಲ ಹೆಂಗ ಗೊತ್ತಾಗತೈತಂತ ಕೇಳತಾರ ನೋಡವಾ ಇವರು," ಎಂದಳು ತಾಯವ್ವ. ನಾನು ಕೇಳಿರಲಿಲ್ಲ. ಕೇಳಬೇಕೆಂದಿದ್ದೆ.

"ಅತ್ತೀ, ಬೈಯೂ ಮೊದಲ ಮಾವಾರು ಒಮ್ಮೆ ಧೋತರ ಏರಸ್ತಾರ. ಕ್ಯಾಮೆರಾದಾಗ ಕಾಣತೈತಿ."

ತಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ತಾಟು ಎತ್ತಿ ಒಗೆದೆ.

ಎದುರಿಗೆ ನಿಂತು ಒಂದು ಮಾತು ಆಡದವಳು ದಾಂಡೇಲಿಯಲ್ಲಿ ಕುರ್ಚಿಯ ಮೇಲೆ ಕುಳಿತು ಮಾವನ ಬಾಯಿ ಮುಚ್ಚುತ್ತಾಳೆ. ಇದಕ್ಕಿಂತ ಎದುರು ಬಂದು ಬೈದಿದ್ದರೆ ಚಲೋ ಇತ್ತು.

ಫೆಬ್ರುವರಿ 10, ಸೋಮವಾರ

ನಿನ್ನೆ ಜೋಯಿಡಾದಲ್ಲಿ ಮೈದಾನ. ಮರ್ಯಾದೆ ಹೋಯಿತು.

ಕ್ಲಾಸಿನಲ್ಲಿ ಪಾಠ ಮಾಡುವಾಗ ಕ್ಯಾಮೆರಾ ಬದಲಿಸಲು ಆಗುವುದಿಲ್ಲ ಎಂದು ಸೊಸೆ ಈ ಸಲ ಪ್ರೋಗ್ರಾಮಿಗೇ ಅಪ್ಪಣೆ ಕೊಟ್ಟಿದ್ದಳು. ಹಲಗಿಯ ಸದ್ದು ಯಾವ ಕ್ಯಾಮೆರಾಕ್ಕೆ ಹೆಚ್ಚು ಜೋರಾಗಿ ಕೇಳುತ್ತದೋ ಅದನ್ನು ತೋರಿಸು ಎಂದು. ಕುಸ್ತಿ ಜೋರಾದರೆ ಹಲಗಿ ಜೋರಾಗುತ್ತದೆ, ಹಲಗಿಯವನು ಅಖಾಡದ ಬಗಲಿಗೇ ಇರುತ್ತಾನೆ ಎಂಬುದು ಅವಳ ಲೆಕ್ಕ. ಆದರೆ ನಮ್ಮಲ್ಲಿ ಹಲಗಿ ಬಾರಿಸುವುದು ಕುಸ್ತಿಗೆ ಮಾತ್ರವೇ? ದೊಡ್ಡವರು ಬಂದು ಫೇಟಾ ಸುತ್ತಿಸಿಕೊಳ್ಳುವಾಗ ಹಲಗಿಯವನು ಅವರ ಮುಂದೆಯೇ ಹೋಗಿ ಬಾರಿಸುತ್ತಾನೆ. ಇತ್ತ ಕುಸ್ತಿ ನಿಲ್ಲುವುದಿಲ್ಲ, ಅದೂ ನಡೆದೇ ಇರುತ್ತದೆ.

ಕಡೆಯ ಜೋಡಿ ಹಿಡಿದಿತ್ತು. ಇಡೀ ಸೀಸನ್ನಿನಲ್ಲಿ ಅಂಥ ಕುಸ್ತಿ ಇಲ್ಲ. ಅದೇ ಹೊತ್ತಿಗೆ ಕಿರಣಕುಮಾರನ ಬೀಗರು ಬಂದರು. ಫೇಟಾ ಸುತ್ತಿದರು, ಹಲಗಿ ಸಿಡಿಯಿತು. ಊರೂರಿನಲ್ಲಿ ಮೊಬೈಲು ಹಿಡಿದವರು ನೋಡಿದ್ದು ಏನು? ಬೀಗರ ಬೋಳು ತಲೆಗೆ ಬಟ್ಟೆ ಸುತ್ತುವುದನ್ನು. ಮತ್ತೊಬ್ಬರಿಗೆ ಸುತ್ತಿದರು, ಮತ್ತೊಬ್ಬರಿಗೆ. ಇತ್ತ ಪೈಲವಾನ ಎದುರಾಳಿಯನ್ನು ಎತ್ತಿ ಚಿತ್ ಮಾಡಿದ. ಅದು ಯಾರ ಕಣ್ಣಿಗೂ ಬೀಳಲಿಲ್ಲ, ರೆಕಾರ್ಡಿನಲ್ಲೂ ಇಲ್ಲ.

ಹಲಗಿಯ ಯಲ್ಲಪ್ಪನನ್ನು ಹಿಡಿದು ಕೇಳಿದೆ. "ಫೇಟಾಕ್ಕ ಒಂದ ಹೊಡತ, ಕುಸ್ತಿಗೆ ಒಂದ ಹೊಡತ ಬ್ಯಾರೆ ಬ್ಯಾರೆ ಹೊಡಿಯಾಕ ಬರಂಗಿಲ್ಲೇನೋ?"

"ಬರತೈತ್ರಿ ಕಾಕಾ. ಆದ್ರ ಫೇಟಾಕ್ಕ ಹಗರಕ ಹೊಡದ್ರ ಸುತ್ತಿಸಿಕೊಂಡಾವ್ರು ಸಿಟ್ಟಾಗತಾರ. ಕುಸ್ತಿಗೆ ಹಗರಕ ಹೊಡದ್ರ ನೀವು ಸಿಟ್ಟಾಗತೀರಿ. ಯಾರ ಕಡಿಂದ ಬೈಸ್ಕೋಬೇಕು ಹೇಳ್ರಿ?"

ಮನೆಗೆ ಬಂದು ಡಾಕ್ಟರನ್ನು ಮರೆತು ಬಾಯಿ ತೆರೆದೆ. ಓಣಿಗೆ ಕೇಳುವಂತೆ ಒದರಿದೆ. ಕುಸ್ತಿಯ ಗಂಧ ಇಲ್ಲದವಳು, ಕೇಳಬೇಕಿತ್ತು ನನ್ನನ್ನು ಎಂದೆ. ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು.

"ಅತ್ತೀ, ಮಾವಾರಿಗೆ ಹೇಳ್ರಿ. ಶನಿವಾರ ಕೇಳಿದ್ನಿ. ಹಲಗಿ ಯಾವಾಗ ಜೋರ ಆಗತೈತಿ ಅಂತ. ನೀವು ಕೇಳಿದಾಗ ಮಾವಾರು ತಾಟು ಬಡದ್ರು."

ಬಡಿದಿದ್ದೆ. ಅದು ಉಪ್ಪಿನಕಾಯಿ ಬೇಕೆಂದು, ಅವರು ಸಿಟ್ಟು ಎಂದುಕೊಂಡರು. ಗಂಟಲಲ್ಲಿ ರಕ್ತದ ರುಚಿ.

ಫೆಬ್ರುವರಿ 12

ಯಾರ ಮುಖವನ್ನೂ ನೋಡುವ ಮನಸ್ಸಿಲ್ಲ. ಚಹಾ ತಣ್ಣಗಿತ್ತು.

ಫೆಬ್ರುವರಿ 16, ರವಿವಾರ

ನಿನ್ನೆ ಸೊಸೆ ತಾಯವ್ವನ ಕೈಯಲ್ಲಿ ಒಂದು ಹಳೆಯ ಮೊಬೈಲು ಕೊಟ್ಟು ಕಳಿಸಿದಳು. ಅದರ ಮೇಲೆ ದೊಡ್ಡ ದೊಡ್ಡ ಬಟನ್ನುಗಳು. ಕೆಂಪು ಒತ್ತಿದರೆ ಅಖಾಡದ ಕ್ಯಾಮೆರಾ. ಹಳದಿ ಒತ್ತಿದರೆ ಫೇಟಾದ ಕ್ಯಾಮೆರಾ. ಹಸಿರು ಒತ್ತಿದರೆ ಜನ. ಹಲಗಿಯ ಪ್ರೋಗ್ರಾಮು ತೆಗೆದು ಹಾಕಿದ್ದಾಳಂತೆ. ಕರಿಯ ಬಟನ್ನು ನನ್ನ ಮೈಕಿನದು. ನನ್ನ ಬಾಯಿಯ ಬಟನ್ನು ನನ್ನ ಕೈಗೇ ಬಂತು. ಬರಬೇಕಾದ್ದೇ.

ಇಂದು ಹಳಿಯಾಳದ ಮೈದಾನದಲ್ಲಿ ಬೀಗರು ಮತ್ತೆ ಫೇಟಾಕ್ಕೆ ತಲೆ ಕೊಟ್ಟರು. ನಾನು ಹಳದಿ ಒತ್ತಲೇ ಇಲ್ಲ. ಹಲಗಿ ಎಷ್ಟಾದರೂ ಬಾರಿಸಲಿ. ಪಂಚನಿಗೆ ಬೈಯಬೇಕಾದಾಗ ಕರಿಯದನ್ನು ಒತ್ತಿ, ಮನಸಾರೆ ಬೈದು, ತಿರುಗಿ ಒತ್ತಿದೆ. ಇದರಲ್ಲಿ ಒಂದು ಸುಖವಿದೆ.

ಒಂದು ಕಡೆ ಮಾತ್ರ ಅವಳು ದಾಂಡೇಲಿಯಿಂದ ನನಗಿಂತ ಮೊದಲೇ ಕ್ಯಾಮೆರಾ ಬದಲಿಸಿದಳು. ಪೈಲವಾನ ಕಾಲು ಹಾಕುವುದು ಅವಳಿಗೆ ಹೇಗೆ ಕಂಡಿತೋ. ನೋಡಿ ನೋಡಿ ಕಲಿತಿರಬೇಕು. ಕಲಿಯಲಿ, ನನಗೇನು.

ಫೆಬ್ರುವರಿ 23, ರವಿವಾರ

ನಡು ಮೈದಾನದಲ್ಲಿ ದನಿ ಹೋಯಿತು. "ಪಾಳಾ ಊರಿನ" ಎಂದೆ, ಮುಂದೆ ಗಾಳಿ ಮಾತ್ರ ಬಂತು. ನಾನು ಬೈಯಲು ಮೈಕು ಬಂದ್ ಮಾಡಿದೆ ಎಂದುಕೊಂಡು ಜನ ಚಪ್ಪಾಳೆ ಹೊಡೆದು ನಕ್ಕರು.

ಮಾರ್ಚ್ 2, ರವಿವಾರ

ಸೀಸನ್ ಮುಗಿಯುವವರೆಗೆ ಕಾಯಲು ಆಗಲಿಲ್ಲ, ಶಿವರಾತ್ರಿಯ ಮರುದಿನವೇ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವಂತೆ. ಆದರೆ ಪಿಸುಗುಟ್ಟುವುದೂ ಕೂಡದು. ಮಾತು ಶುರುವಾದರೂ ಮಳೆಗಾಲದವರೆಗೆ ಒದರುವ ಹಾಗಿಲ್ಲ. ಒಮ್ಮೆ ಒದರಿದರೆ ಹೊಲಿದದ್ದು ಹರಿದ ಹಾಗೆ, ಆಮೇಲೆ ನನ್ನ ಕಡೆ ಬರಬೇಡಿ ಎಂದರು ಡಾಕ್ಟರು. ಸೊಸೆಯೂ ಆಸ್ಪತ್ರೆಗೆ ಬಂದಿದ್ದಳು. ಅಲ್ಲಿ ಬಾಗಿಲ ಹಿಂದೆ ನಿಲ್ಲಲು ಜಾಗವಿರಲಿಲ್ಲ, ಪರದೆಯ ಹಿಂದೆ ನಿಂತಳು. ಡಾಕ್ಟರು ಹೇಳಿದ್ದಕ್ಕೆಲ್ಲ ಅವಳೇ ಹೂಂ ಎಂದಳು. ನನ್ನ ಗಂಟಲಿಗೆ ಊರೆಲ್ಲ ಹೂಂ ಎನ್ನುತ್ತದೆ.

ಮಾರ್ಚ್ 6, ಗುರುವಾರ

ಕಿರಣಕುಮಾರ ಬಂದಿದ್ದ. ಸೇಬು ತಂದಿದ್ದ. ಗಂಟಲು ಕೊಯ್ಸಿಕೊಂಡವನಿಗೆ ಸೇಬು.

"ಮಲಕಪ್ಪ ಕಾಕಾ, ನೀವು ಆರಾಮ ತಗೋರಿ. ಮುಂಡಗೋಡ ಮೈದಾನಕ್ಕ ಬೆಳಗಾವಿಯಿಂದ ಒಬ್ಬಾಂವನ್ನ ಕರಸ್ತೇನಿ. ಹಿಂದಿ, ಮರಾಠಿ, ಕನ್ನಡ ಮೂರೂ ಒದರತಾನ. ಬಾಯಿನೂ ಸ್ವಚ್ಛ."

ನಾನು ತಾಟು ಹುಡುಕಿದೆ. ಕೈಗೆ ಸಿಕ್ಕದ್ದು ಸೇಬು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು.

"ಅತ್ತೀ, ಅಧ್ಯಕ್ಷರಿಗೆ ಹೇಳ್ರಿ. ಬ್ಯಾರೆದಾವರು ಬ್ಯಾಡ. ಮುಂಡಗೋಡದಾಗ ಮಾವಾರ ದನೀನ ಇರತೈತಿ."

ಸೀಸನ್ನಿನ ಎಲ್ಲ ಮೈದಾನಗಳಲ್ಲೂ ಅವಳು ನನ್ನ ಮೈಕಿನ ದನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದಾಳಂತೆ. ಊರುಗಳು, ವಸ್ತಾದರು, ಪೈಲವಾನರು ಎಲ್ಲ ಬಿಡಿಬಿಡಿಯಾಗಿ ಕತ್ತರಿಸಿ ಬಟನ್ನು ಮಾಡಿದರೆ ನಾನು ಒತ್ತುತ್ತ ಹೋದರಾಯಿತು, ಲ್ಯಾಪ್‌ಟಾಪು ಕರ್ಣೆಯಲ್ಲಿ ಒದರುತ್ತದೆ. ಕಿರಣಕುಮಾರ ಬಾಗಿಲ ಕಡೆ ತಿರುಗಿದ.

"ನೋಡೂಣು. ಆದ್ರ ಮುಂಡಗೋಡದಾಗ ಎಲ್ಲೆರ ಅಡ್ಡಿ ಆತು ಅಂದ್ರ, ಮುಂದಿನ ಸೀಸನ್ನಿನಿಂದ ಬೆಳಗಾವಿಯಾಂವನ ಖಾಯಂ. ಆಮ್ಯಾಲ ನನಗ ಅನಬ್ಯಾಡ್ರಿ."

ನನ್ನ ಮೈಕು. ನನ್ನನ್ನು ಒಂದು ಮಾತು ಕೇಳದೆ ಇಬ್ಬರೂ ಪಣ ಕಟ್ಟಿದರು.

ಮಾರ್ಚ್ 9, ರವಿವಾರ

ಒಪ್ಪುವುದಿಲ್ಲ ಎಂದು ಬರೆದು ತೋರಿಸಿದೆ. ಬದುಕಿರುವವನ ಫೋಟೋಕ್ಕೆ ಹಾರ ಹಾಕಿದ ಹಾಗೆ ಇದು ಎಂದು ಬರೆದೆ. ತಾಯವ್ವ ಓದಲು ಬಾರದವಳು, ಹಾಳೆ ತಿರುಗಿಸಿ ಅದರ ಮೇಲೆ ಹಪ್ಪಳ ಇಟ್ಟಳು.

ಸಂಜೆ ಸೊಸೆ ಆ ದನಿಗಳನ್ನು ಹಚ್ಚಿದಳು. ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಇದೇ ಮೊದಲು. ಇಷ್ಟು ಒರಟೇ?

"ನಾ ಲಗ್ನಾದಾಗಿಂದ ಕೇಳೇನಿ, ನೀವು ಇವತ್ತ ಕೇಳೀರಿ," ಎಂದಳು ತಾಯವ್ವ.

ಬಟನ್ನುಗಳ ಕಡೆಯ ಸಾಲಿನಲ್ಲಿ ಒಂದು ಮಂಗನ ಚಿತ್ರ ಇತ್ತು. ಒತ್ತಿದೆ. "ಏ ಪಂಚಾ, ಕಣ್ಣ ಎಲ್ಲಿಟ್ಟೀಯೋ ಮಂಗ್ಯಾ" ಎಂದು ಮನೆಯೆಲ್ಲ ಗುಡುಗಿತು. ಇದನ್ನು ಯಾಕೆ ಇಟ್ಟಿದ್ದಾಳೆಂದು ಕೈಯಲ್ಲೇ ಕೇಳಿದೆ.

"ಅತ್ತೀ, ಮಾವಾರಿಗೆ ಹೇಳ್ರಿ. ಅದೊಂದು ಇಲ್ಲಾಂದ್ರ ಇದು ಮಾವಾರ ದನಿ ಅಂತ ಯಾರೂ ನಂಬಂಗಿಲ್ಲ."

ಅದರ ಪಕ್ಕದಲ್ಲಿ ನೀಲಿ ಬಟನ್ನು. ಏನಾದರೂ ಕೆಟ್ಟರೆ ಅವಳು ದಾಂಡೇಲಿಯಿಂದ ಫೋನಿನಲ್ಲೇ ಮೈದಾನದ ಕರ್ಣೆಗೆ ಮಾತಾಡಬಹುದಂತೆ, ಕ್ಯಾಮೆರಾದವರಿಗೆ ಹೇಳಲು. ನೀಲಿ ಒತ್ತಿದರೆ ಅವಳ ದನಿ ಬಂದ್. ಇರಲಿ. ಕಡೆಗೂ ಅವಳ ಬಾಯಿಯದೂ ಒಂದು ಬಟನ್ನು ನನ್ನ ಕೈಗೆ ಸಿಕ್ಕಿತು. ಮುಂಡಗೋಡಕ್ಕೆ ಹೋಗುತ್ತೇನೆ. ಅದಕ್ಕಾಗಿಯೇ ಎಂದಲ್ಲ.

ಮಾರ್ಚ್ 17, ಸೋಮವಾರ

ನಿನ್ನೆ ಮುಂಡಗೋಡ. ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಪೂರಾ ಬರೆಯುತ್ತೇನೆ.

ಮೊದಮೊದಲು ಎಲ್ಲ ಸರಿಯಾಗಿತ್ತು. ಒತ್ತಿದೆ, ಕರ್ಣೆ ಒದರಿತು. ಊರು, ವಸ್ತಾದ, ತಂದೆ, ಹೆಸರು. ಕಿರಣಕುಮಾರ ಬೆಳಗಾವಿಯವನನ್ನೂ ಕರೆತಂದು ಬಗಲಲ್ಲಿ ಕೂರಿಸಿಕೊಂಡಿದ್ದ. ಅವನು ಕಡಲೆ ತಿನ್ನುತ್ತ ನನ್ನ ಬೆರಳನ್ನೇ ನೋಡುತ್ತಿದ್ದ.

ಹೆಣ್ಣುಮಕ್ಕಳ ಜೋಡಿ ಬಂತು. ಒಬ್ಬಳು ಬೆಳಗಾವಿಯ ಕಡೆಯವಳು, ಹಿಂದೆ ಎರಡು ಮೈದಾನದಲ್ಲಿ ಕೂಗಿದ್ದೆ, ಅವಳ ಬಟನ್ನುಗಳು ಇದ್ದವು. ಇನ್ನೊಬ್ಬಳು ಸನವಳ್ಳಿಯ ರಾಜಶ್ರೀ. ವಸ್ತಾದ ಶಿವಲಿಂಗ ಅವಳನ್ನು ಮಣ್ಣಿಗೆ ಇಳಿಸುವುದು ಇದೇ ಮೊದಲು. ನಾನು ಬದುಕಿನಲ್ಲಿ ಆ ಹೆಸರು ಕೂಗಿದವನೇ ಅಲ್ಲ. ಕೂಗದ್ದನ್ನು ಕತ್ತರಿಸಿ ಬಟನ್ನು ಮಾಡುವುದು ಎಲ್ಲಿಂದ?

ಎದುರಿನವಳ ನಾಲ್ಕೂ ಮೊಳಗಿದವು. ಅವಳು ಮಣ್ಣು ಮುಟ್ಟಿ ಒಳಗೆ ಬಂದಳು. ರಾಜಶ್ರೀ ಅಖಾಡದ ಅಂಚಿನಲ್ಲಿ ನಿಂತಳು. ಕಾಲಿಡಲಿಲ್ಲ. ಕರೆಯದೆ ಬರುವುದಿಲ್ಲ. ಶಿವಲಿಂಗ ಹಾಗೆ ಕಲಿಸಿದ್ದಾನೆ, ಸರಿಯಾಗೇ ಕಲಿಸಿದ್ದಾನೆ. ಹಲಗಿ ನಿಂತಿತು. ಜನ ನನ್ನನ್ನು ನೋಡಿದರು.

"ಹೆಸರು ಇಲ್ಲಂದ್ರ ಹಂಗ ಇಳಸ್ರಿ," ಎಂದ ಕಿರಣಕುಮಾರ.

"ಊರಿಲ್ಲದಾಕಿ ಏನ್ರಿ ಅಕಿ?" ಎಂದ ಶಿವಲಿಂಗ.

ಬೆಳಗಾವಿಯವನು ಕಡಲೆಯ ಪೊಟ್ಟಣ ಕೆಳಗಿಟ್ಟು ಕೈ ಒರೆಸಿಕೊಂಡ. ಅಷ್ಟು ಸಾಕಾಯಿತು ನನಗೆ. ಧೋತರ ಏರಿಸಿದೆ. ಮೈಕು ಎತ್ತಿದೆ. ಹೊಲಿಗೆ ಹರಿದರೆ ಹರಿಯಲಿ, ಸನವಳ್ಳಿ ಎಂಬ ಒಂದು ಮಾತಿಗೆ ಹರಿದರೆ ಅದೂ ಒಂದು ಮರ್ಯಾದೆಯ ಸಾವೇ ಎಂದು ಉಸಿರು ಎಳೆದೆ.

ಮೈಕಿನ ದೀಪ ಆರಿತು.

ಈ ಸಲ ನನ್ನ ಮೈಕಿನ ವಾಯರೂ ಲ್ಯಾಪ್‌ಟಾಪಿನ ಮೂಲಕವೇ ಕರ್ಣೆಗೆ ಹೋಗುತ್ತದೆ. ಕರಿಯ ಬಟನ್ನು ಒತ್ತಿದೆ, ಹತ್ತಿತು, ಕೂಡಲೇ ಆರಿತು. ಮತ್ತೆ ಒತ್ತಿದೆ, ಮತ್ತೆ ಆರಿತು. ದಾಂಡೇಲಿ. ಅಷ್ಟು ಜನರ ಮುಂದೆ, ಬೆಳಗಾವಿಯವನ ಮುಂದೆ. ಆ ಹೊತ್ತಿನಲ್ಲಿ ಅವಳು ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಆಗ ಕರ್ಣೆಯಲ್ಲಿ ಯಾರೋ ಉಸಿರು ಎಳೆದುಕೊಂಡರು. ಮೈದಾನ ಪೂರಾ ಕೇಳಿತು.

"ಶಿವಲಿಂಗ ವಸ್ತಾದರ ತಾಲೀಮಿನ, ಸನವಳ್ಳಿ ಊರಿನ, ಕೆಂಚವ್ವನ ಮಗಳು, ರಾಜಶ್ರೀ ಪೈಲವಾನ. ಬಾರವಾ. ಮಣ್ಣ ನಿಂದು."

ಹೆಣ್ಣುದನಿ. ಮೊದಲು ನಡುಗಿತು, ಕಡೆಗೆ ನಡುಗಲಿಲ್ಲ. ನನ್ನ ಮನೆಯಲ್ಲಿ ಆ ದನಿ ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ರಾಜಶ್ರೀ ಮಣ್ಣು ಹಣೆಗೆ ಹಚ್ಚಿಕೊಂಡು ಒಳಗೆ ಬಂದಳು. ಯಲ್ಲಪ್ಪ ಹಲಗಿ ಹರಿಯುವ ಹಾಗೆ ಬಾರಿಸಿದ. ಮೊಬೈಲಿನ ಪರದೆಯ ಮೇಲೆ ಹೆಸರು ಹಾಕಲು ಸೊಸೆ ಬೆಳಿಗ್ಗೆಯೇ ಶಿವಲಿಂಗನಿಗೆ ಫೋನು ಮಾಡಿ ಎಲ್ಲ ಕೇಳಿಕೊಂಡಿದ್ದಳಂತೆ.

ಅಷ್ಟಕ್ಕೆ ನಿಲ್ಲಿಸಿದಳೇ? ಇಲ್ಲ. ಹಿಡಿತ ಹಿಡಿತಕ್ಕೂ ಒದರಿದಳು. ಎದುರಿನವಳು ಜಡೆ ಹಿಡಿದು ಎಳೆದಳು, ಪಂಚ ಎತ್ತಲೋ ನೋಡುತ್ತಿದ್ದ. ಕರ್ಣೆ ಗುಡುಗಿತು: "ಏ ಪಂಚಾ, ಕಣ್ಣ ಎಲ್ಲಿಟ್ಟೀಯೋ ಮಂಗ್ಯಾ."

ನಾನು ಮಂಗನ ಬಟನ್ನು ಮುಟ್ಟಿರಲಿಲ್ಲ. ಅದು ನನ್ನ ದನಿಯೂ ಅಲ್ಲ.

ಕಿರಣಕುಮಾರ ಎದ್ದು ನಿಂತ. "ಕಾಕಾ, ಬಂದ್ ಮಾಡ್ರಿ ಅದನ್ನ, ಬಂದ್ ಮಾಡ್ರಿ," ಎಂದ. ನೀಲಿ ಬಟನ್ನು ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಅಲ್ಲೇ ಇತ್ತು. ನನಗೆ ಕಿವಿ ಕೇಳಿಸುವುದಿಲ್ಲ ಎಂದು ಕೈ ಮಾಡಿ ತೋರಿಸಿದೆ.

ರಾಜಶ್ರೀ ಬಿದ್ದಳು. ಆದರೆ ಬಹಳ ಹೊತ್ತು ಹಿಡಿದು ಬಿದ್ದಳು. ಸನವಳ್ಳಿಯವರು ಗೆದ್ದವರ ಹಾಗೆ ಎತ್ತಿಕೊಂಡು ಹೋದರು. ಬೆಳಗಾವಿಯವನು ಬಸ್ಸಿಗೆ ಹೊತ್ತಾಯಿತು ಎಂದು ನಡುವೆಯೇ ಎದ್ದು ಹೋದ. ಹೋಗುವಾಗ, "ಆ ಬಾಯಿ ಯಾರು, ನಮ್ಮ ಕಡೆ ಬರತಾರೇನು?" ಎಂದು ಕಿರಣಕುಮಾರನನ್ನು ಕೇಳಿದನಂತೆ. ಕಿರಣಕುಮಾರ ನನಗೆ ಏನೂ ಹೇಳದೆ ಕಾರು ಹತ್ತಿದ.

ಅದೆಲ್ಲ ಇರಲಿ. ನನ್ನ ಸಿಟ್ಟು ಬೇರೆ. ಊರಿಗಿಂತ ಮೊದಲು ವಸ್ತಾದನ ಹೆಸರು ಹೇಳಿದಳು. ತಪ್ಪು. ಈ ಸೀಸನ್ನೆಲ್ಲ ಕೇಳಿಯೂ ತಪ್ಪು. ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಹಾಕಿದಳು. ಹುಡುಗಿಯನ್ನು ದಿನಾ ತಾಲೀಮಿಗೆ ಕರೆತರುವವಳು ಕೆಂಚವ್ವನೇ ಎಂದು ಶಿವಲಿಂಗ ಹೇಳಿದ, ಆದ್ದರಿಂದ ಅದು ನಡೆಯುತ್ತದೆ. ಉಸಿರು ಎದೆಯಿಂದ ತೆಗೆಯುತ್ತಾಳೆ, ಹೊಟ್ಟೆಯಿಂದ ತೆಗೆಯಬೇಕು. ಹೀಗೇ ಒದರಿದರೆ ಅವಳ ಗಂಟಲಿಗೂ ಗಂಟು ಬರುತ್ತದೆ, ನನ್ನಂತೆ ಹುಬ್ಬಳ್ಳಿಗೆ ತಿರುಗಬೇಕಾಗುತ್ತದೆ.

ನಿನ್ನೆ ಬಂದವಳು, ಇವತ್ತು ಸೋಮವಾರದ ರಜೆ ಇದ್ದರೂ, ಅಡುಗೆಮನೆ ಬಾಗಿಲು ದಾಟಿಲ್ಲ. "ಅತ್ತೀ, ಮಾವಾರು ಸಿಟ್ಟಾಗ್ಯಾರೇನ್ರಿ?" ಎಂದು ಒಳಗೆ ಕೇಳುತ್ತಿದ್ದಳು. "ಅವರು ಯಾವಾಗ ಆಗಿಲ್ಲ," ಎಂದಳು ತಾಯವ್ವ.

ನಾಳೆ ಬಸ್ಸಿಗೆ ಹೋಗುವ ಮೊದಲು ಹಿತ್ತಲಿಗೆ ಕರೆಸುತ್ತೇನೆ. ನಾನು ತಾಟು, ಚಮಚ ಹಿಡಿದು ಕುಳಿತುಕೊಳ್ಳುತ್ತೇನೆ. ಮೊದಲ ಬಡಿತಕ್ಕೆ ಊರು. ಎರಡನೆಯದಕ್ಕೆ ವಸ್ತಾದ. ತಪ್ಪಿದರೆ ತಿರುಗಿ ಮೊದಲಿಂದ. ತಾಯವ್ವ ನಡುವೆ ಬರಕೂಡದು. ಬಾಗಿಲ ಹಿಂದೆ ನಿಂತು ಒದರುವುದು ನಡೆಯುವುದಿಲ್ಲ, ನನ್ನೆದುರಿಗೆ ನಿಲ್ಲಬೇಕು.